ಏರುಬೀದಿಯ ಕೆಂಪು ಗುರುತುಗಳು

ದೂರದ ಬೆಟ್ಟ ನುಣ್ಣಗೆ ಎಂದರು ಹಿರಿಯರು. ನಮ್ಮ ನಕ್ಷೆಯವರಿಗೆ ಹತ್ತಿರದ ಬೆಟ್ಟವೂ ನುಣ್ಣಗೇ ಇತ್ತು, ಏಕೆಂದರೆ ಅವರ ಬೆಟ್ಟಗಳೆಲ್ಲ ಕಾಗದದ ಮೇಲಿದ್ದವು. ಸರ್ವೆ ಕಚೇರಿಯ ಎರಡನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಓರೆ ಮೇಜಿನ ಮುಂದೆ, ಇಪ್ಪತ್ತಾರು ವರ್ಷಗಳಿಂದ ಅವರು ಬೆಟ್ಟ ಬರೆಯುತ್ತಾ ಕುಳಿತಿದ್ದರು. ಬಿಸಿಲಲ್ಲಿ ಅಲೆದು ಅಳೆಯುವವರು ಬೇರೆ. ಅವರು ತಂದು ಸುರಿದ ಅಂಕಿಗಳನ್ನು ಒಂದರೊಳಗೊಂದು ಸುತ್ತಿದ ಗೆರೆಗಳಾಗಿ ತಿದ್ದಿ ತೀಡುವವರು ಇವರು. ಸಾವಿರ ಮೀಟರ್ ಶಿಖರವನ್ನು ಮಧ್ಯಾಹ್ನದೊಳಗೆ ಏರಿ ಮುಗಿಸಿ, ಕೈತೊಳೆದು, ಊಟದ ಡಬ್ಬಿ ಬಿಚ್ಚುತ್ತಿದ್ದರು.

ಸಂಜೆ ಸೈಕಲ್ ತುಳಿದುಕೊಂಡು ಮನೆಗೆ ಬರುವಾಗ ಮಾತ್ರ ಬೇಕರಿಯ ಮುಂದೆ ಇಳಿಯಲೇಬೇಕಾಗುತ್ತಿತ್ತು. ಬೀದಿ ಹಾಗಿತ್ತು. ಕೆಳಗಿನ ತುದಿಯಲ್ಲಿ ದರ್ಜಿಯ ಅಂಗಡಿ. ಅಲ್ಲಿ ಸಾಧುವಾಗಿ ಶುರುವಾಗುವ ಏರು ಬೇಕರಿಯ ಹತ್ತಿರ ತನ್ನ ನಿಜವಾದ ಗುಣ ತೋರಿಸಿ, ಮೇಲಿನ ತುದಿಯಲ್ಲಿ ಶಾಲೆಯ ನಿವೃತ್ತ ಹೆಡ್‌ ಮೇಡಮ್ಮಿನ ಗೇಟಿನ ಮುಂದೆ ಹೋಗಿ ನಿಲ್ಲುತ್ತಿತ್ತು. ಆ ಗೇಟಿಗೆ ಒಂದು ಮನೆ ಮೊದಲು ನಕ್ಷೆಯವರ ಮನೆ.

"ಇಳಿದ್ರಾ ಸಾರ್?" ಎಂದು ಬೇಕರಿಯವನು ದಿನಾ ಕೇಳುತ್ತಿದ್ದ.

"ಇಲ್ಲಪ್ಪ, ಚೈನು ಯಾಕೋ ಸದ್ದು ಮಾಡ್ತಿದೆ, ನೋಡೋಣ ಅಂತ," ಎಂದು ಇವರು ದಿನಾ ಹೇಳುತ್ತಿದ್ದರು. ಹದಿನೈದು ವರ್ಷ ಬಿಡದೆ ಸದ್ದು ಮಾಡಿದ ಚೈನು ಲೋಕದಲ್ಲಿ ಅದೊಂದೇ ಇರಬೇಕು.

ಮರ್ಯಾದೆ ಹೀಗೆ ಒಂದು ಚೈನಿನ ಮೇಲೆ ನಿಂತಿದ್ದ ಕಾಲದಲ್ಲಿ, ಒಂದು ಭಾನುವಾರ ಅವರ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ಹೊಸ ಎಲೆಕ್ಟ್ರಿಕ್ ಮೌಂಟನ್ ಬೈಕಿನಲ್ಲಿ ಬಂದ. ದಪ್ಪ ಟೈರು, ಅಗಲ ಹ್ಯಾಂಡಲ್ಲು, ನಡುವೆ ಊಟದ ಡಬ್ಬಿಯಷ್ಟು ಬ್ಯಾಟರಿ. ಹ್ಯಾಂಡಲ್ಲಿಗೆ ದೊಡ್ಡ ಕಲ್ಲಂಗಡಿ ಹಣ್ಣು ನೇತುಹಾಕಿಕೊಂಡು, ಸೀಟಿನಿಂದ ಏಳದೆ, ಬೇಕರಿಯ ಮುಂದೆ ಇಳಿಯದೆ, ಸಿಳ್ಳೆ ಹಾಕುತ್ತಾ ಸಲೀಸಾಗಿ ಹತ್ತಿ ಬಂದ. ಸಿಳ್ಳೆ ಹಾಕಿದ್ದನ್ನು ಮಾತ್ರ ನಕ್ಷೆಯವರು ಕೊನೆಯವರೆಗೂ ಕ್ಷಮಿಸಲಿಲ್ಲ. ಬೀದಿಯ ಜನ ಬಾಗಿಲಿಗೆ ಬಂದು ನೋಡಿದರು, ಬೇಕರಿಯವನಂತೂ ಚಪ್ಪಾಳೆ ತಟ್ಟಿದ.

"ಹೇಗಿದೆ ಭಾವ?" ಎಂದ ಷಡ್ಡಕ.

ನಕ್ಷೆಯವರು ನಾಲ್ಕು ಜನ ಕೇಳುವಂತೆ ಹೇಳಿದರು: "ಬ್ಯಾಟರಿ ಹಾಕ್ಕೊಂಡು ಸೈಕಲ್ ತುಳಿಯೋದು, ಇನ್ನೊಬ್ರ ಕೈಲಿ ಕಡಲೆ ಅಗಿಸಿ ನನ್ ಹಲ್ಲು ಗಟ್ಟಿ ಅಂದ ಹಾಗೆ."

ಬೀದಿ ಗೊಳ್ಳೆಂದು ನಕ್ಕಿತು. ನಕ್ಷೆಯವರ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಗಂಡ ಒಮ್ಮೆಯಾದರೂ ಚಟಾಕಿ ಹಾರಿಸಿದನಲ್ಲ ಎಂಬ ಹೆಮ್ಮೆಗೆ ಆಕೆ ಅದನ್ನು ತಂಗಿಗೂ, ತರಕಾರಿಯವಳಿಗೂ, ಫೋನಿನಲ್ಲಿ ದೂರದ ಚಿಕ್ಕಮ್ಮನಿಗೂ ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಮಾತು ಹೋಗಿದ್ದಷ್ಟೇ ಅಲ್ಲ, ಊರೆಲ್ಲ ಸುತ್ತಿ ಬಂತು.

ಚಿಂತೆ ಯಾಕೆಂದರೆ, ಅದೇ ಮಧ್ಯಾಹ್ನ, ಷಡ್ಡಕ ಉಂಡು ಗೊರಕೆ ಹೊಡೆಯುತ್ತಿದ್ದಾಗ, "ಬ್ರೇಕು ಸರಿಯಿದೆಯೋ ನೋಡೋಣ" ಎಂದು ತಮಗೆ ತಾವೇ ನೆಪ ಹೇಳಿಕೊಂಡು ನಕ್ಷೆಯವರು ಹಿತ್ತಲಲ್ಲಿ ಆ ಬೈಕು ಹತ್ತಿದರು. ಪೆಡಲ್ ಒಂದು ಸಲ ಒತ್ತಿದರು. ಚಿಕ್ಕಂದಿನಲ್ಲಿ ಸೈಕಲ್ ಕಲಿಯುವಾಗ ಅಪ್ಪ ಸೀಟು ಹಿಡಿದು ಹಿಂದಿನಿಂದ ನೂಕುತ್ತಿದ್ದರಲ್ಲ, ಥೇಟು ಹಾಗೇ ಯಾರೋ ನೂಕಿದರು. ಹಿತ್ತಲಿನ ಗೋಡೆ ಅಡ್ಡ ಬರುವವರೆಗೆ ಅವರು ಹೋದದ್ದು ಹತ್ತೇ ಹೆಜ್ಜೆ. ಐವತ್ತೊಂದನೇ ವಯಸ್ಸಿನಲ್ಲಿ ಮನುಷ್ಯ ಪ್ರೇಮದಲ್ಲಿ ಬೀಳಲು ಹತ್ತು ಹೆಜ್ಜೆ ಧಾರಾಳವಾಯಿತು.

ಬೇಕು ಅನ್ನಿಸಿತು. ಆದರೆ ಬೇಕು ಎಂದು ಯಾರ ಮುಂದೆ ಹೇಳುವುದು? ಕಡಲೆಯ ಮಾತು ಚಿಕ್ಕಮ್ಮನವರೆಗೆ ತಲುಪಿತ್ತು.

ಮೂರು ದಿನ ಬಿಟ್ಟು ಕಚೇರಿಯಿಂದ ಬರುತ್ತಾ ಊರಿನ ಆ ತುದಿಯ ಸೈಕಲ್ ಅಂಗಡಿಗೆ ಹೋದರು. ಅಂಗಡಿಯವನು ಎರಡು ಬೈಕು ತೋರಿಸಿದ. ಒಂದಕ್ಕೆ ಚಿಕ್ಕ ಮೋಟಾರು, ಇನ್ನೊಂದಕ್ಕೆ ದೊಡ್ಡದು. "ನಿಮ್ಮ ಮನೆ ಹತ್ರ ಏರು ಎಷ್ಟಿದೆ ಸಾರ್? ಹದಿನೈದು ಮೀಟರ್ ಹೋದ್ರೆ ಒಂದು ಮೀಟರ್ ಹತ್ತುತ್ತೋ, ಹತ್ತು ಮೀಟರ್‌ಗೇ ಹತ್ತುತ್ತೋ? ಅದರ ಮೇಲೆ ಮೋಟಾರು."

ನಕ್ಷೆಯವರ ಮುಖ ಬಿಳಿಚಿಕೊಂಡಿತು. ಮೂರು ಜಿಲ್ಲೆಯ ಬೆಟ್ಟಗಳ ಏರು ಅವರ ನಾಲಿಗೆ ತುದಿಯಲ್ಲಿತ್ತು, ಮನೆಯ ಮುಂದಿನದು ಗೊತ್ತಿರಲಿಲ್ಲ. ಬೇರೆಯವರಾಗಿದ್ದರೆ "ಜೋರಾಗೇ ಇದೆ ಮಾರಾಯ, ದೊಡ್ಡದೇ ಕೊಡು" ಎಂದು ಮುಗಿಸುತ್ತಿದ್ದರು. ಸರ್ವೆ ಕಚೇರಿಯ ಅನ್ನ ತಿಂದವರು ಹಾಗೆ ಹೇಳಲಾರರು. "ಅಳೆದು ಹೇಳ್ತೀನಿ," ಎಂದು ಬಂದುಬಿಟ್ಟರು.

ಮುಂದಿನ ಭಾನುವಾರ ಬೆಳಗ್ಗೆ ಐದೂವರೆಗೆ, ಬೀದಿ ಏಳುವ ಮೊದಲೇ, ನಕ್ಷೆಯವರು ಹೊರಬಿದ್ದರು. ಗಾರೆ ಕೆಲಸದವರು ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪು ಒಂದು ಕೈಯಲ್ಲಿ, ಬಣ್ಣದ ಡಬ್ಬಿ ಇನ್ನೊಂದರಲ್ಲಿ. ಅದರ ಒಂದು ತುದಿಯನ್ನು ದೀಪದ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಮೇಲಕ್ಕೆ ಓಡಿ, ನೀರು ಎಲ್ಲಿ ನಿಂತಿತು ನೋಡಿ, ಮತ್ತೆ ಕೆಳಕ್ಕೆ ಓಡಿ, ಹೀಗೆ ಒಬ್ಬರೇ ಇಬ್ಬರ ಕೆಲಸ ಮಾಡಿದರು. ಅಳೆದರೆ ಸಾಲದು. ಇಲಾಖೆಯ ಕೈಪಿಡಿ ಏನು ಹೇಳುತ್ತದೆ? "ಅಳೆದ ಪ್ರತಿ ಬಿಂದುವನ್ನೂ ಸಮೀಪದ ಸ್ಥಿರ ಕಟ್ಟಡದ ಮೇಲೆ ಕೆಂಪು ಬಣ್ಣದಲ್ಲಿ ಗುರುತಿಸತಕ್ಕದ್ದು." ಇಪ್ಪತ್ತಾರು ವರ್ಷ ಆ ವಾಕ್ಯವನ್ನು ಓದಿದ್ದರೇ ಹೊರತು ಒಮ್ಮೆಯೂ ಪಾಲಿಸುವ ಭಾಗ್ಯ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಮನೆಮನೆಯ ಗೋಡೆಗೂ ಒಂದು ಕೆಂಪು ಬಾಣ, ಕೆಳಗೆ ಒಂದು ಅಡ್ಡಗೆರೆ, ಪಕ್ಕದಲ್ಲಿ ಅಲ್ಲಿಯವರೆಗೆ ಏರಿದ ಎತ್ತರ. ದರ್ಜಿಯ ಅಂಗಡಿಗೆ 0.00. ಬೇಕರಿಗೆ 4.25. ಹೆಡ್‌ ಮೇಡಮ್ಮಿನ ಕಾಂಪೌಂಡಿಗೆ 11.40. ತಮ್ಮ ಮನೆಯ ಗೋಡೆಗೆ ಮಾತ್ರ ಬರೆಯಲಿಲ್ಲ. ಹೆಂಡತಿ ಹೋದ ತಿಂಗಳಷ್ಟೇ ಸುಣ್ಣ ಹೊಡೆಸಿದ್ದಳು, ನಕ್ಷೆಯವರಿಗೆ ಜೀವದ ಮೇಲೆ ಆಸೆಯಿತ್ತು.

ಏಳು ಗಂಟೆಗೆ ಬೀದಿ ಎದ್ದಿತು. ಏಳೂ ಕಾಲಿಗೆ ಬೊಬ್ಬೆ ಶುರುವಾಯಿತು.

ಗೋಡೆಯ ಮೇಲೆ ಕೆಂಪು ಬಾಣ ಮೂಡಿದರೆ ಏನರ್ಥ ಎಂಬುದು ಮಗುವಿಗೂ ಗೊತ್ತು: ರಸ್ತೆ ಅಗಲ ಮಾಡುತ್ತಾರೆ, ಅಲ್ಲಿಯವರೆಗೆ ಒಡೆಯುತ್ತಾರೆ. ಪಕ್ಕದ ಅಂಕಿ ಎಷ್ಟು ಮೀಟರ್ ಒಡೆಯುತ್ತಾರೆ ಎಂಬುದರ ಲೆಕ್ಕ. ಹಾಗಲ್ಲ ಎನ್ನಬಲ್ಲ ಒಬ್ಬನೇ ಒಬ್ಬ ಮನುಷ್ಯ ಆ ಹೊತ್ತಿಗೆ ಬಚ್ಚಲಲ್ಲಿ ಸೀಮೆಎಣ್ಣೆ ಹಚ್ಚಿ ಉಗುರು ಉಜ್ಜಿಕೊಳ್ಳುತ್ತಿದ್ದ.

"ನಾಲ್ಕೂ ಕಾಲು ಮೀಟರ್!" ಎಂದು ಬೇಕರಿಯವನು ತಲೆಯ ಮೇಲೆ ಕೈಹೊತ್ತ. "ಒಲೆ ಇರೋದೇ ಅಲ್ಲಿ! ಬ್ರೆಡ್ಡು ರಸ್ತೆ ಮಧ್ಯೆ ಸುಡ್ಲಾ?"

ಹೆಡ್‌ ಮೇಡಮ್ ಕನ್ನಡಕ ಏರಿಸಿ ತಮ್ಮ ಅಂಕಿಯನ್ನು ಎರಡು ಸಲ ಓದಿದರು. "ಹನ್ನೊಂದು ಮೀಟರ್ ನಲವತ್ತು. ನನ್ನ ಮನೆ ಉದ್ದ ಇರೋದೇ ಎಂಟು ಮೀಟರ್. ಇನ್ನು ಮೂರೂ ಚಿಲ್ರೆ ಎಲ್ಲಿಂದ ತಗೋತಾರಂತೆ?" ಈ ಮಾತು ಕೇಳಿ ಹಿಂದಿನ ಬೀದಿಯವರೂ ಓಡಿ ಬಂದರು.

ಖುಷಿಯಾಗಿದ್ದವನು ದರ್ಜಿ ಒಬ್ಬನೇ. ತನ್ನ ಸೊನ್ನೆಯನ್ನು ಬಟ್ಟೆಯಿಂದ ಒರೆಸಿ ಹೊಳಪು ಮಾಡಿದ. "ಕಾನೂನು ಪ್ರಕಾರ ಕಟ್ಟಿದ್ರೆ ಭಯ ಯಾಕ್ರೀ? ನೋಡಿ, ಸೊನ್ನೆ. ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ. ಒಂದಲ್ಲ, ಮೂರು ಸೊನ್ನೆ!" ರಸ್ತೆಗೆ ಅರ್ಧ ಚಾಚಿಕೊಂಡಿದ್ದ ಅವನ ಅಂಗಡಿಯ ಕಟ್ಟೆಯ ಮೇಲೆ ನಿಂತೇ ಹೀಗೆಂದ.

ಎಲ್ಲರೂ ಸೀದಾ ನಕ್ಷೆಯವರ ಮನೆಗೆ ಬಂದರು. ಸರ್ವೆ ಕಚೇರಿಯವರು ಪಕ್ಕದಲ್ಲೇ ಇರುವಾಗ ಬೇರೆ ಯಾರನ್ನು ಕೇಳುವುದು?

"ಯಾರ ಕೆಲಸ ಸಾರ್ ಇದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಕ್ಷೆಯವರು ಉಗುರು ನೋಡಿಕೊಂಡರು. ಹೆಬ್ಬೆರಳಲ್ಲಿ ಇನ್ನೂ ಕೆಂಪಿತ್ತು. ಕೈ ಜೇಬಿಗೆ ಹೋಯಿತು. ನಿಜ ಹೇಳಲು ಬಾಯಿ ತೆರೆದರು. ಆದರೆ ನಿಜದ ಬಾಲ ಹಿಡಿದು ಎಳೆದರೆ ಬೈಕೂ ಹೊರಗೆ ಬರುತ್ತದೆ, ಬೈಕಿನ ಹಿಂದೆ ಕಡಲೆಯೂ ಬರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ವಿಚಾರಿಸ್ತೀನಿ," ಎಂದರು.

"ನಮ್ಮೋರು ವಿಚಾರಿಸ್ತೀನಿ ಅಂದ್ಮೇಲೆ ಮುಗೀತು ಬಿಡಿ," ಎಂದಳು ಹೆಂಡತಿ ಹೆಮ್ಮೆಯಿಂದ. ನಕ್ಷೆಯವರು ಜೇಬಿನ ಕೈಯನ್ನು ಇನ್ನಷ್ಟು ಒಳಕ್ಕೆ ತಳ್ಳಿದರು.

ಸೋಮವಾರದಿಂದ ಬೀದಿ ತನ್ನನ್ನು ತಾನೇ ತಿದ್ದಿಕೊಳ್ಳತೊಡಗಿತು. ಸ್ವಲ್ಪ ನಾವೇ ಬಿಟ್ಟುಕೊಟ್ಟರೆ ಪೂರ್ತಿ ಒಡೆಯಲಿಕ್ಕಿಲ್ಲ ಎಂಬ ಲೆಕ್ಕಾಚಾರ. ಬೇಕರಿಯವನು ರಸ್ತೆಯ ಮೇಲೆ ಕಟ್ಟಿಕೊಂಡಿದ್ದ ಮೂರು ಮೆಟ್ಟಿಲು ಒಡೆದು ಎರಡೂವರೆ ಅಡಿ ಹಿಂದೆ ಸರಿದ. ಹೆಡ್‌ ಮೇಡಮ್ ಮೂವತ್ತೆರಡು ಹೂಕುಂಡಗಳನ್ನು ಹಾಜರಿ ಕರೆದು ಒಳಗೆ ಸಾಗಿಸಿದರು. ಯಾರದೋ ಚಕ್ರವಿಲ್ಲದ ಕಾರು ಒಂಬತ್ತು ವರ್ಷದ ತಪಸ್ಸು ಮುಗಿಸಿ ಎದ್ದು ಹೋಯಿತು. ಅದರ ಕೆಳಗೆ ರಸ್ತೆ ಇತ್ತೆಂಬುದು ಆಗ ತಿಳಿಯಿತು.

ಬುಧವಾರ ವಾರ್ಡ್ ಎಂಜಿನಿಯರ್ ಬಂದರು. ಬೀದಿಯವರೇ ಅರ್ಜಿ ಕೊಟ್ಟು ಕರೆಸಿದ್ದರು. ಅವರು ಬಾಣ ನೋಡಿದರು, ಅಂಕಿ ನೋಡಿದರು, ಗದ್ದ ಕೆರೆದುಕೊಂಡರು. ಅವರಿಗೆ ಏನೂ ಗೊತ್ತಿರಲಿಲ್ಲ. ಆದರೆ ಇಪ್ಪತ್ತು ಜನರ ಮುಂದೆ ನಿಂತ ಅಧಿಕಾರಿ "ನನಗೆ ಗೊತ್ತಿಲ್ಲ" ಎನ್ನಲು ಯಾವ ನಿಯಮದಲ್ಲೂ ಅವಕಾಶವಿಲ್ಲ.

"ಇದು ಮೇಲಿನಿಂದ ಬಂದಿದೆ," ಎಂದರು.

"ಎಷ್ಟು ಮೇಲಿನಿಂದ ಸಾರ್?"

ಎಂಜಿನಿಯರ್ ಆಕಾಶ ನೋಡಿದರು. ಜನ ನಿಟ್ಟುಸಿರು ಬಿಟ್ಟರು.

ಕಚೇರಿಗೆ ಹೋಗಿ ಅವರು ಫೈಲು ಹುಡುಕಿದರು. ಇರಲಿಲ್ಲ. ಇಲ್ಲದ ಫೈಲನ್ನು ಹುಡುಕುವುದಕ್ಕಿಂತ ಹೊಸದನ್ನು ತೆರೆಯುವುದು ಸುಲಭವೆಂದು ತೆರೆದು, ಸರ್ವೆ ಕಚೇರಿಗೆ ಪತ್ರ ಬರೆದರು: ಏರುಬೀದಿಯ ಗುರುತುಗಳ ನಕ್ಷೆಯನ್ನು ಕೂಡಲೇ ಕಳಿಸಿಕೊಡಬೇಕು. ಆ ಪತ್ರ ಮೂರು ಮೇಜು ದಾಟಿ ಶುಕ್ರವಾರ ಓರೆ ಮೇಜಿನ ಮೇಲೆ ಬಂದು ಕುಳಿತಿತು. ಮೇಲೆ ಸೂಪರಿಂಟೆಂಡೆಂಟರ ಟಿಪ್ಪಣಿ: "ತಾವು ಅದೇ ಬೀದಿಯವರಾದ್ದರಿಂದ ತಾವೇ ತಯಾರಿಸುವುದು."

ನಕ್ಷೆಯವರು ಬೆವರಿದರು. ಆಮೇಲೆ, ಬೇರೆ ದಾರಿ ಕಾಣದೆ, ಪೆನ್ನು ಎತ್ತಿಕೊಂಡರು. ಅಂಕಿಗಳನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ, ಜೇಬಲ್ಲೇ ಇದ್ದವು. ಬರೆದು ಮುಗಿಸಿ ನೋಡಿದರೆ ಎಂಥ ನಕ್ಷೆ! ಜೀವಮಾನದಲ್ಲಿ ಮೊದಲ ಬಾರಿ ತಾವೇ ಅಳೆದು ತಾವೇ ಬರೆದದ್ದು. ಭಯದ ನಡುವೆಯೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಐದು ನಿಮಿಷ ಸುಖಪಟ್ಟರು.

ಭಾನುವಾರ ಬೆಳಗ್ಗೆ ಎಂಜಿನಿಯರ್ ಆ ನಕ್ಷೆಯೊಂದಿಗೆ ಹೆಡ್‌ ಮೇಡಮ್ಮಿನ ಗೇಟಿನ ಮುಂದೆ ಸಭೆ ಕರೆದರು. ಬೀದಿಗೆ ಬೀದಿಯೇ ಸೇರಿತು. ವಿಷಯ ಕೇಳಿ ಷಡ್ಡಕನೂ ಬೈಕಿನಲ್ಲಿ ಬಂದ, ಈ ಸಲ ಸಿಳ್ಳೆಯಿಲ್ಲದೆ. ಎಂಜಿನಿಯರ್ ಬಾಯಿ ತೆರೆಯುವ ಮೊದಲೇ ಬೇಕರಿಯವನು ಕೈ ಎತ್ತಿದ.

"ಸಾರ್, ಬೀದೀಲಿ ಎಲ್ಲರ ಮನೆಗೂ ಗುರುತಿದೆ. ನಕ್ಷೆಯವರ ಮನೆಗೆ ಮಾತ್ರ ಯಾಕಿಲ್ಲ?"

ಎಲ್ಲರ ಕಣ್ಣೂ ಸುಣ್ಣ ಹೊಡೆದ ಗೋಡೆಯ ಕಡೆ ಹೊರಳಿತು. ಗುಸುಗುಸು ಎದ್ದಿತು. "ಒಳಗಿನವರಲ್ವಾ, ಕೈ ಬಿಸಿ ಮಾಡಿರಬೇಕು," ಎಂದ ದರ್ಜಿ, ತನಗೇ ಹೇಳಿಕೊಂಡಂತೆ, ಆದರೆ ಮೂಲೆಯವರಿಗೂ ಕೇಳುವಂತೆ.

ನಕ್ಷೆಯವರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಏನಂದ್ರಿ? ಲಂಚ ಕೊಡ್ತಾರಾ ಇವರು? ತರಕಾರಿ ಅಂಗಡೀಲಿ ಚೌಕಾಸಿ ಮಾಡೋಕೆ ಬರಲ್ಲ ಇವರಿಗೆ! ಕೊಳೆತ ಟೊಮ್ಯಾಟೊ ಕೊಟ್ರೆ ಥ್ಯಾಂಕ್ಸ್ ಹೇಳಿ ತರ್ತಾರೆ! ಇಂಥೋರ್ಗೆ ಅಷ್ಟೆಲ್ಲ ಬುದ್ಧಿ ಎಲ್ಲಿಂದ ಬರ್ಬೇಕು?"

ಗಂಡನ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಇನ್ನೊಂದಿಲ್ಲ. ನಕ್ಷೆಯವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಈ ನಡುವೆ ಹೆಡ್‌ ಮೇಡಮ್ ಎಂಜಿನಿಯರ ಕೈಯಿಂದ ನಕ್ಷೆ ತೆಗೆದುಕೊಂಡು, ಗೋಡೆಯ ಹತ್ತಿರ ಹೋಗಿ, ಒಮ್ಮೆ ಅದನ್ನೂ ಒಮ್ಮೆ ಇದನ್ನೂ ನೋಡುತ್ತಿದ್ದರು. ಮೂವತ್ತೆಂಟು ವರ್ಷ ಮಕ್ಕಳ ನೋಟುಬುಕ್ಕು ತಿದ್ದಿ, ಯಾರು ಯಾರದನ್ನು ನೋಡಿ ಬರೆದರೆಂದು ಹಿಡಿದು ನಿಲ್ಲಿಸಿದ ಕಣ್ಣು ಅದು.

"ಈ ಕಾಗದ ಬರೆದೋರು ಯಾರು?"

"ನಾನೇ ಮೇಡಮ್," ಎಂದರು ನಕ್ಷೆಯವರು.

"ನೀವು ನಾಲ್ಕು ಬರೆಯುವಾಗ ಬಾಲ ಎಡಕ್ಕೆ ಕೊಂಕಿಸ್ತೀರ. ಗೋಡೆ ಮೇಲಿನ ನಾಲ್ಕಕ್ಕೂ ಅದೇ ಬಾಲ." ಕನ್ನಡಕ ಕೆಳಗಿಳಿಯಿತು. "ಮುಂದೆ ಬನ್ನಿ."

ಐವತ್ತೊಂದು ವರ್ಷದ ನಕ್ಷೆಯವರು ಮುಂದೆ ಬಂದು ಕೈಕಟ್ಟಿ ನಿಂತರು. ಕೇಳುವ ಮೊದಲೇ ಒಪ್ಪಿಕೊಂಡರು. "ಅದು ಒಡೆಯೋ ಗುರುತಲ್ಲ ಮೇಡಮ್. ಏರಿನ ಎತ್ತರ. ಸೈಕಲ್ ಅಂಗಡಿಯವನು ಏರು ಎಷ್ಟು ಅಂತ ಕೇಳಿದ. ಎಲೆಕ್ಟ್ರಿಕ್ ಬೈಕಿಗೆ ಯಾವ ಮೋಟಾರು ಅಂತ... ಕೊಳ್ಳೋಕಲ್ಲ! ಸುಮ್ನೆ ತಿಳ್ಕೊಳ್ಳೋಣ ಅಂತ."

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವಂತಿಲ್ಲ. ಇಲ್ಲಿ ಬೀದಿ ಒಡೆದು ಸೈಕಲ್ ಹಿಡಿದಿದ್ದರು. ಬೇಕರಿಯವನು ತನ್ನ ಮೆಟ್ಟಿಲಿದ್ದ ಜಾಗ ನೋಡಿದ. ದರ್ಜಿ ತನ್ನ ಸೊನ್ನೆಯ ಕಡೆ ನೋಡಿದ; ಎಲ್ಲರಿಗಿಂತ ಹೆಚ್ಚು ನಷ್ಟವಾದದ್ದು ಅವನಿಗೇ. ಷಡ್ಡಕ ಮಾತ್ರ ಒಂದು ಪ್ರಶ್ನೆ ಕೇಳಿದ: "ಕಡಲೆ ಏನಾಯ್ತು ಭಾವ?"

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಬಹುಶಃ ಹೆಡ್‌ ಮೇಡಮ್. "ಹಾಗಾದ್ರೆ ನಾನು ದಿನಾ ಹನ್ನೊಂದು ಮೀಟರ್ ಹತ್ತಿ ಮನೆಗೆ ಬರ್ತೀನಾ? ಅದೂ ಎಪ್ಪತ್ತರಲ್ಲಿ!" ಎಂದು ಬೀಗಿದರು. ಆ ನಗು ಬೀದಿಯುದ್ದಕ್ಕೂ ಉರುಳಿಕೊಂಡು ಹೋಯಿತು. ಸಿಟ್ಟು ಮಾಡಲು ಹೊರಟವರು ಬೀದಿಯ ಕಡೆ ನೋಡಿದರೆ, ಅಗಲವಾಗಿ, ನೇರವಾಗಿ, ಗುರುತೇ ಸಿಗದ ಹಾಗೆ ಅದು ಚೆಂದವಾಗಿತ್ತು. ಇಷ್ಟು ಚೆಂದದ ಬೀದಿಯಲ್ಲಿ ನಿಂತು ಜಗಳವಾಡುವುದು ಕಷ್ಟ. ಎಂಜಿನಿಯರ್ ಫೈಲು ತೆರೆದು "ಉದ್ದೇಶ ಈಡೇರಿದೆ" ಎಂದು ಬರೆದು, ಯಾವ ಉದ್ದೇಶ ಎಂದು ಯಾರಾದರೂ ಕೇಳುವ ಮೊದಲೇ ಹೊರಟುಹೋದರು.

"ಅದೆಲ್ಲ ಇರ್ಲಿ," ಎಂದ ಬೇಕರಿಯವನು. "ಮೆಟ್ಟಿಲು ಒಡೆದಿದ್ದಕ್ಕಾದ್ರೂ ಗೊತ್ತಾಗ್ಬೇಕು. ದೊಡ್ಡ ಮೋಟಾರೋ ಚಿಕ್ಕದೋ?"

"ದೊಡ್ಡದು," ಎಂದರು ನಕ್ಷೆಯವರು ತಗ್ಗಿದ ದನಿಯಲ್ಲಿ.

"ನನ್ನದು ಚಿಕ್ಕದೇ, ಸಾಕಾಗಿದೆ," ಎಂದ ಷಡ್ಡಕ. "ಹತ್ತಿ ನೋಡಿ ಭಾವ." ಎಂದವನೇ ಬೈಕನ್ನು ಕೆಳಗಿನ ತುದಿಗೆ ನೂಕಿಕೊಂಡು ಹೋಗಿ ನಿಲ್ಲಿಸಿದ. ಜನ ಎರಡೂ ಬದಿ ಸಾಲುಗಟ್ಟಿದರು. ನಕ್ಷೆಯವರು ಹಿಂದೆಯೇ ಹೋದರು, ಹ್ಯಾಂಡಲ್ ಮುಟ್ಟಿದರು, ಕೈ ಹಿಂದಕ್ಕೆ ತೆಗೆದರು. ಆಸೆ ಕೊರಳವರೆಗೆ ಬಂದಿತ್ತು. ಎಲ್ಲರೂ ನೋಡುತ್ತಿದ್ದರು.

"ನಂಗೇನು ಬೇಡಪ್ಪ. ಸುಮ್ನೆ ತಿಳ್ಕೊಳ್ಳೋಣ ಅಂತಷ್ಟೇ..."

"ಸರೀರಿ ಪಕ್ಕಕ್ಕೆ," ಎಂದು ಹೆಂಡತಿಯ ದನಿ ಕೇಳಿತು.

ಆಕೆಯೂ ಹಿಂದಿನಿಂದ ಕೆಳಗೆ ನಡೆದು ಬಂದಿದ್ದಳು. ನೆರಿಗೆ ಎತ್ತಿ ಕಟ್ಟಿ ಸೀಟಿನ ಮೇಲೆ ಕುಳಿತಳು.

"ನಿಂಗೆ ಸೈಕಲ್ ಬರುತ್ತಾ?" ಎಂದರು ನಕ್ಷೆಯವರು ಕಂಗಾಲಾಗಿ.

"ಏರನ್ನ ಕೇಳಿದ್ರಿ, ಗೋಡೇನ ಕೇಳಿದ್ರಿ, ಅಂಗಡಿಯವನ್ನ ಕೇಳಿದ್ರಿ. ನನ್ನ ಕೇಳಿದ್ರಾ? ಈ ಏರಲ್ಲಿ ಹದಿನೈದು ವರ್ಷದಿಂದ ಎರಡೂ ಕೈಯಲ್ಲಿ ಚೀಲ ಹೊತ್ಕೊಂಡು ಹತ್ತಿದ್ದು ಯಾರು? ಏನೇನೋ ಅಳೀತೀರ!"

ಪೆಡಲ್ ಒತ್ತಿದಳು. ಬೈಕು ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ ವಾಲಿತು, ಆಮೇಲೆ ಸೀದಾ ಹೊರಟಿತು. ಬೇಕರಿ ದಾಟಿತು. ಅಲ್ಲಿ ಎದ್ದ ಕೂಗಿಗೆ ಒಳಗಿದ್ದ ಬ್ರೆಡ್ಡು ಸೀದುಹೋಯಿತಂತೆ. ಸುಣ್ಣದ ಗೋಡೆ ದಾಟಿ, ಹೆಡ್‌ ಮೇಡಮ್ಮಿನ ಗೇಟು ದಾಟಿ, ತಿರುವಿನಲ್ಲಿ ಮಾಯವಾದಳು.

ಐದು ನಿಮಿಷವಾಯಿತು, ಹದಿನೈದಾಯಿತು. "ಭಾವ, ಅಕ್ಕ ಬರ್ತಾರಾ? ಬೈಕು ನನ್ನದು," ಎಂದ ಷಡ್ಡಕ. ಅರ್ಧ ಗಂಟೆಗೆ ಆಕೆ ಕೆದರಿದ ಕೂದಲು, ಕೆಂಪೇರಿದ ಮುಖದಲ್ಲಿ ತಿರುಗಿ ಬಂದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅಂಥ ನಗು ನಕ್ಷೆಯವರು ಕಂಡಿರಲಿಲ್ಲ. ಅವರಿಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ, ಸಂತೋಷವೇ ಆಯಿತು.

"ನಾಳೆ ಅಂಗಡಿಗೆ ಹೋಗೋಣ," ಎಂದಳು ಇಳಿಯುತ್ತಾ. "ನಂಗೊಂದು ಬೇಕು. ದೊಡ್ಡ ಮೋಟಾರಿಂದು."

ಎಷ್ಟು ಸಲೀಸಾಗಿ ಹೇಳಿದಳು! ಬೇಕು ಅನ್ನಿಸಿತು, ಬೇಕು ಅಂದಳು. ಅಳತೆಯಿಲ್ಲ, ನಕ್ಷೆಯಿಲ್ಲ. ಹೀಗೂ ಹೇಳಬಹುದೆಂಬುದನ್ನು ನಕ್ಷೆಯವರು ದಿನವಿಡೀ ಯೋಚಿಸಿದರು. ಊಟದಲ್ಲಿ ಯೋಚಿಸಿದರು, ಪೇಪರು ತಲೆಕೆಳಗಾಗಿ ಹಿಡಿದು ಯೋಚಿಸಿದರು. ಸಂಜೆ ಇಬ್ಬರೂ ಮನೆಮುಂದಿನ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದಾಗ ಗಂಟಲು ಸರಿಮಾಡಿಕೊಂಡರು, ಮತ್ತೊಮ್ಮೆ ಸರಿಮಾಡಿಕೊಂಡರು. ಆಮೇಲೆ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟರು.

"ನಂಗೂ ಒಂದು ಬೇಕು ಕಣೆ."

ಹೆಂಡತಿ ಲೋಟ ಕೆಳಗಿಟ್ಟಳು. ಒಡೆದ ಮೆಟ್ಟಿಲು, ಕಾರು ಎದ್ದುಹೋದ ರಸ್ತೆ, ಖಾಲಿಯಾದ ಕುಂಡಗಳ ಜಾಗ, ಎಲ್ಲದರ ಮೇಲೂ ಒಮ್ಮೆ ಕಣ್ಣು ಹಾಯಿಸಿ ಗಂಡನ ಕಡೆ ತಿರುಗಿದಳು.

"ಇಷ್ಟು ಹೇಳೋಕೆ ಇಡೀ ಬೀದಿ ಒಡೆಸಬೇಕಾಗಿತ್ತೇನ್ರೀ?"